ಹಿಂದಿನ ಬೆಂಚಿನಲ್ಲಿ ಕೂತವನು

"ಯಾರ್ರೀ ನೀವು?"

ಹಲಗೆಯಿಂದ ತಿರುಗಿದ ಅವಳ ಕೈಯಲ್ಲಿದ್ದ ಸೀಮೆಸುಣ್ಣ ಪಟ್ಟನೆ ಮುರಿಯಿತು. ಕೊನೆಯ ಬೆಂಚಿನಲ್ಲಿ, ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾ ಒಬ್ಬ ಗಂಡಸು ಕೂತಿದ್ದ!

"ಹೊಸದಾಗಿ ಬಂದಿರೋ ಇಂಗ್ಲಿಷ್ ಮೇಷ್ಟ್ರು. ನೀವು ಮುಂದುವರಿಸಿ, ನಾನು ಸುಮ್ನೆ ಕೂತಿರ್ತೀನಿ."

ಸುಮ್ನೆ! ಅಷ್ಟು ಸುಲಭವಾಗಿ ಯಾರಾದರೂ ಸುಮ್ಮನೆ ಬಂದು ಕೂರುತ್ತಾರಾ?

ಅವಳಿಗೆ ಹೆದರಿಕೆಯಾಯಿತು. ಕಾರಣವೂ ಇತ್ತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಕೂಡದು ಎಂಬುದು ಆ ಹೈಸ್ಕೂಲಿನ ಕಟ್ಟಳೆ. ಇವಳೋ, ಬಾಗಿಲು ಹಾಕಿಕೊಂಡು, ಕಷ್ಟದ ಪಾಠಗಳನ್ನೆಲ್ಲ ಮನೆಮಾತಿನಲ್ಲಿ ಬಿಡಿಸಿ ಹೇಳುವವಳು. ಹೆಡ್ ಮೇಡಂ ಚಪ್ಪಲಿಯ ಸದ್ದಾದರೆ ಕೆಮ್ಮಲು ಬಾಗಿಲ ಬಳಿಯ ಹುಡುಗಿಗೆ ಹೇಳಿಟ್ಟಿದ್ದಳು. ಪಾಪ, ಆ ಹುಡುಗಿಗೆ ಗಂಡಸರ ಬೂಟಿನ ಬಗ್ಗೆ ಯಾರೂ ಹೇಳಿರಲಿಲ್ಲ!

ಸ್ಟಾಫ್ ರೂಮಿನಲ್ಲಿ ಅವನು ಮಾತಾಡುವುದನ್ನು ಕೇಳಿದಾಗಲಂತೂ ಅವಳಿಗೆ ಕುಳಿತ ಕುರ್ಚಿಯೇ ಅಲ್ಲಾಡಿದಂತಾಯಿತು. ನೀರು ಕುಡಿದಷ್ಟು ಸಲೀಸು ಇಂಗ್ಲಿಷ್! ಚಿಕ್ಕಂದಿನಿಂದ ಅದರಲ್ಲೇ ಓದಿದವನಂತೆ. ಅವಳು ಡಿಕ್ಷನರಿ ಮುಂದಿಟ್ಟುಕೊಂಡು, ಒಂದೊಂದೇ ಪದ ಬಾಯಿಪಾಠ ಮಾಡಿ ಮೇಲೆ ಬಂದವಳು.

'ನಾನೇನು ನಿಜವಾದ ಇಂಗ್ಲಿಷ್ ಟೀಚರ್ರಾ? ಒಂದಲ್ಲ ಒಂದು ದಿನ ಯಾರಾದ್ರೂ ಹಿಡಿದೇ ಹಿಡೀತಾರೆ...'

ಈ ಅಂಜಿಕೆ ಅವಳಿಗೆ ಕೆಲಸಕ್ಕೆ ಸೇರಿದಂದಿನಿಂದ ಇತ್ತು. ಈಗ ಹಿಡಿಯುವವನೇ ಬಂದು ಕೂತಿದ್ದ. ಹತ್ತನೇ ಕ್ಲಾಸಿಗೆ ಇನ್ನು ಮುಂದೆ ಒಬ್ಬರೇ ಇಂಗ್ಲಿಷ್ ಟೀಚರ್, ಇನ್ನೊಬ್ಬರು ಲೈಬ್ರರಿ ನೋಡಿಕೊಳ್ಳಬೇಕು ಎಂದು ಹೆಡ್ ಮೇಡಂ ಬೇರೆ ಹೇಳಿಬಿಟ್ಟಿದ್ದರು. ಪಾಠ ಮಾಡದಿದ್ದರೆ ಅವಳು ಯಾರು? ಪುಸ್ತಕದ ಧೂಳು ಒರೆಸುತ್ತಾ ಬದುಕುವುದನ್ನು ಅವಳಿಂದ ನೆನೆಸಿಕೊಳ್ಳಲೂ ಆಗಲಿಲ್ಲ.

ಅವನು ಮತ್ತೆ ಮತ್ತೆ ಬಂದ. ಒಮ್ಮೆ ಕಿಟಕಿಯಾಚೆ, ಒಮ್ಮೆ ಅದೇ ಬೆಂಚಿನಲ್ಲಿ. ಅವಳಿಗೆ ಟೀ ತಂದಿಟ್ಟ. ಅವಳು ಎತ್ತಲಾರದೆ ಎತ್ತುತ್ತಿದ್ದ ಪುಸ್ತಕದ ಕಟ್ಟನ್ನು ತಾನೇ ಹೊತ್ತ.

"ಒಳ್ಳೆಯವನು ಕಣಮ್ಮಾ," ಎಂದರು ಲೆಕ್ಕದ ಟೀಚರ್. "ನೀನು ನೋಡಿದ್ರೆ ಹಾಲನ್ನೂ ಮೂಸಿ ನೋಡೋಳು!"

"ಒಳ್ಳೆಯವರಿಗೆ ನನ್ನ ಕ್ಲಾಸಲ್ಲೇನು ಕೆಲಸ ಅಕ್ಕಾ?"

ಹಾಗೆಂದಳೇ ಹೊರತು, ಅವನು ಬಾರದ ದಿನ ಅವಳ ಕಣ್ಣು ತಾನಾಗಿ ಹಿಂದಿನ ಬೆಂಚಿನ ಕಡೆ ಹೋಗುತ್ತಿತ್ತು. ಆಗೆಲ್ಲ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಕೊನೆಗೊಂದು ದಿನ ಅನುಮಾನ ನಿಜವಾಯಿತು. ಹೆಡ್ ಮೇಡಂ ರೂಮಿನ ಪರದೆಯ ಹಿಂದಿನಿಂದ ಅವನ ದನಿ ಕೇಳಿಸಿತು.

"ಅವರ ಪಾಠ ಅರ್ಧ ಇಂಗ್ಲಿಷು, ಅರ್ಧ ಮನೆಮಾತು ಮೇಡಂ. ನೀವೇ ಬಂದು ನೋಡ್ಬೇಕು."

ಅವಳು ಒಳಗೆ ಕಾಲಿಟ್ಟದ್ದೇ ತಡ, ಇಬ್ಬರೂ ಗಪ್‌ಚುಪ್! ಕಣ್ಣು ತುಂಬಿ ಬಂತು. 'ಟೀ ತಂದುಕೊಟ್ಟದ್ದು ಇದಕ್ಕಾ?'

ಮರುದಿನ ಹೆಡ್ ಮೇಡಂ ಕ್ಲಾಸಿಗೆ ಬಂದರು. ಪಕ್ಕದಲ್ಲಿ ಅವನು. ಅವಳು ರಾತ್ರಿಯೆಲ್ಲ ಉರು ಹೊಡೆದಿದ್ದ ಪಾಠವನ್ನು ಒಪ್ಪಿಸತೊಡಗಿದಳು. ಬರೀ ಇಂಗ್ಲಿಷ್. ಒಂದು ತಪ್ಪಿಲ್ಲ, ಒಂದು ನಗುವೂ ಇಲ್ಲ. 'ರಿಗ್ರೆಟ್' ಎಂದರೇನೆಂದು ಕೇಳಿದಳು. ಮಕ್ಕಳು ಪಿಳಿಪಿಳಿ ನೋಡಿದರು. ಇನ್ನೊಮ್ಮೆ ಕೇಳಿದಳು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಹೆಡ್ ಮೇಡಂ ಅವನತ್ತ ತಿರುಗಿದರು. "ಏನ್ರೀ, ಎಲ್ಲಾ ಟೀಚರ್ಸೂ ಇವರಿಂದ ಕಲೀಬೇಕು ಅಂದ್ರಲ್ಲ... ಇದನ್ನಾ?"

ಅವಳು ತಟ್ಟನೆ ಅವನತ್ತ ನೋಡಿದಳು. ಏನಂದರು? ಇವರಿಂದ ಕಲೀಬೇಕು... ಅವನು ಹಾಗೆ ಹೇಳಿದ್ದನಾ?!

ಅವನು ಎದ್ದು ನಿಂತ. ಮುಖ ಕೆಂಪಾಗಿತ್ತು. "ಟೀಚರ್... ದಯವಿಟ್ಟು ದಿನಾ ಮಾಡೋ ಥರಾನೇ ಮಾಡಿ."

ಕಟ್ಟಳೆ ಮಾಡಿದವರೇ ಎದುರಿಗಿದ್ದರು. ಲೈಬ್ರರಿಯ ಬೀಗದ ಕೈ ಅವರ ಮೇಜಿನ ಮೇಲಿತ್ತು. ಅವಳು ಮಕ್ಕಳ ಮುಖ ನೋಡಿದಳು. ಆಮೇಲೆ ಪುಸ್ತಕ ಮಡಚಿಟ್ಟಳು.

"ನಿನ್ನೆ ಯಾರ್ಯಾರು ಮನೇಲಿ ಜಗಳ ಆಡಿದ್ರಿ? ನಿಜ ಹೇಳಿ!"

ಹತ್ತಾರು ಕೈ ಮೇಲೆದ್ದವು.

"ಆಮೇಲೆ ಮಲಗಿದಾಗ, 'ಛೆ, ಹಾಗನ್ನಬಾರದಿತ್ತು' ಅಂತ ಹೊಟ್ಟೆಯೊಳಗೆ ಒಂಥರಾ ಆಯ್ತಾ? ಅದೇ ಕಣ್ರೋ ರಿಗ್ರೆಟ್! ಈಗ ಅದನ್ನ ಇಂಗ್ಲಿಷಲ್ಲಿ ಹೇಳಿ ನೋಡೋಣ."

"ಐ ರಿಗ್ರೆಟ್ ಬೀಟಿಂಗ್ ಮೈ ಬ್ರದರ್, ಮಿಸ್!" ಒಬ್ಬಳು ಕೂಗಿದಳು. "ಬಟ್ ಹಿ ಸ್ಟಾರ್ಟೆಡ್!"

ಕ್ಲಾಸು ಗೊಳ್ಳೆಂದಿತು. ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು, ತಪ್ಪೋ ಒಪ್ಪೋ, ಎಲ್ಲ ಇಂಗ್ಲಿಷಿನಲ್ಲೇ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹೆಡ್ ಮೇಡಂ ಮಾತ್ರ ಎದ್ದರು.

"ಕಟ್ಟಳೆ ವಿಷಯ ಆಮೇಲೆ ಮಾತಾಡೋಣ. ಹತ್ತನೇ ಕ್ಲಾಸು ನಿಮಗೇ."

ಖಾಲಿ ಕ್ಲಾಸಿನಲ್ಲಿ ಅವರಿಬ್ಬರೇ ಉಳಿದರು. ಅವನು ಮತ್ತೆ ಹಿಂದಿನ ಬೆಂಚಿನಲ್ಲಿ ಕೂತ.

"ನನಗೆ ಯಾಕೆ ಮೊದಲೇ ಹೇಳಲಿಲ್ಲ?" ಎಂದಳು ಅವಳು.

"ಹೇಳಿದ್ರೆ ನೀವು ಹೆದರ್ಕೊಂಡು ಬೇರೆ ಥರ ಪಾಠ ಮಾಡ್ತೀರಿ ಅಂದ್ಕೊಂಡೆ. ಹೇಳದೇ ಇದ್ದಿದ್ದಕ್ಕೆ ಹಾಗೇ ಆಯ್ತು ನೋಡಿ..."

"ದಿನಾ ಬಂದು ಕೂರ್ತಿದ್ದದ್ದು?"

ಅವನು ತಲೆ ತಗ್ಗಿಸಿದ. "ನನ್ನ ಕ್ಲಾಸಲ್ಲಿ ಮಕ್ಕಳು ಗೊಂಬೆಗಳ ಥರ ಕೂತಿರ್ತಾರೆ. ನಾನು ಇಂಗ್ಲಿಷ್ ಮಾತಾಡ್ತೀನಿ ಅಷ್ಟೇ. ನೀವು ಕಲಿಸ್ತೀರಿ. ಟೀಚರ್ ಅಂದ್ರೆ ನೀವು. ಕಲಿಯೋಕೆ ಬಂದೆ. ಕೇಳೋಕೆ ನಾಚಿಕೆ ಆಯ್ತು."

ಇಷ್ಟು ವರ್ಷ ಯಾರದಾದರೂ ಬಾಯಿಂದ ಯಾವುದನ್ನು ಕೇಳಬೇಕೆಂದು ಕಾದಿದ್ದಳೋ ಆ ಮಾತು! ಅವಳು ಅಳುತ್ತಲೇ ನಕ್ಕಳು.

"ಇನ್ನೊಂದು ವಿಷಯ ಇದೆ..." ಅವನು ತೊದಲಿದ. "ನಂಗೆ... ನಿಮ್ಮನ್ನ..."

"ಕಷ್ಟ ಆದ್ರೆ ಇಂಗ್ಲಿಷಲ್ಲೇ ಹೇಳಿ."

"ಬೇಡ. ಇಂಗ್ಲಿಷಲ್ಲಾದ್ರೆ ಸಲೀಸಾಗಿ ಬಂದ್ಬಿಡುತ್ತೆ, ನೀವು ನಂಬಲ್ಲ." ಉಸಿರೆಳೆದುಕೊಂಡ. "ನೀವಂದ್ರೆ ನಂಗೆ ತುಂಬಾ ಇಷ್ಟ ಕಣ್ರೀ."

ಅವಳು ಕಣ್ಣು ಕಿರಿದು ಮಾಡಿ ಅವನನ್ನೇ ನೋಡಿದಳು.

"ಇದನ್ನೂ ಮೊದಲು ಮೇಡಂ ಹತ್ರ ಹೇಳಿ ಬಂದಿದ್ದೀರಾ?"

"ಅಯ್ಯೋ, ಇಲ್ಲಾರೀ! ಮೊದಲು ನಿಮ್ಮ ಹತ್ರಾನೇ."

"ಇನ್ಮೇಲೆ ಏನಿದ್ರೂ ಹಾಗೇ," ಎಂದಳು ಅವಳು, ಮೆಲ್ಲಗೆ ಅವನ ಪಕ್ಕ ಬಂದು ಕೂರುತ್ತಾ. "ಮೊದಲು ನನ್ನ ಹತ್ರ."