ಗಾಳಿಗೆ ದಾರಿಯಿಲ್ಲದ ಕಾರು

ನೂರಾ ಹತ್ತು.

ಸ್ಪೀಡಿನ ಮುಳ್ಳು ನನ್ನ ಕಣ್ಣೆದುರೇ ಇತ್ತು. ಕುತ್ತಿಗೆಗೆ ತಗಡು ಕತ್ತರಿಸುವ ಕತ್ತರಿ ಒತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಗ್ಯಾರೇಜಿನ ಆಳು ಅಮೋಲ್ ಅದನ್ನು ಹಿಡಿದು ಕೂತಿದ್ದ. ಅವನ ಕೈ ನಡುಗುತ್ತಿತ್ತು... ನನಗೆ ಕತ್ತರಿಗಿಂತ ಆ ನಡುಕದ್ದೇ ಹೆಚ್ಚು ಭಯ.

ಬಾಗಿಲು ತೆಗೆದು ಹಾರೋಣವೆಂದರೆ ಹಿಡಿಕೆಯೇ ಇಲ್ಲ. ಹೊರಗಿನ ಹಿಡಿಕೆ ಗಾಳಿಗೆ ಅಡ್ಡ ಬರುತ್ತದೆಂದು ಸುಕೇಶ ಕಿತ್ತಿದ್ದ. ಒಳಗಿನದನ್ನು ಚೆಂದಕ್ಕೆ ಕಿತ್ತಿದ್ದ. ಕಿಟಕಿ ಗಾಜು ಇಳಿಯದಂತೆ ಅಂಟಿಸಿದ್ದ. ರಿಮೋಟ್ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ರಿಮೋಟ್ ಸುಕೇಶನ ಜೇಬಿನಲ್ಲಿತ್ತು. ಸ್ಟಿಯರಿಂಗೂ ಅವನ ಕೈಯಲ್ಲೇ ಇತ್ತು.

ಸುಕೇಶನಿಗೆ ಮುಂಬಯಿಯ ವಡಾಲಾದಲ್ಲಿ ಗ್ಯಾರೇಜು. ಕಾರಿನ ಮೈ ನುಣುಪು ಮಾಡಿಕೊಡುವುದು ಅವನ ದಂಧೆ. ಕನ್ನಡಿ ತೆಗೆದು ಕ್ಯಾಮೆರಾ ಇಡುತ್ತಾನೆ, ಚಕ್ರಕ್ಕೆ ಮುಚ್ಚಳ ಹಾಕುತ್ತಾನೆ, ಇಂಜಿನ್ನಿಗೆ ಗಾಳಿ ಹೋಗುವ ಮುಂದಿನ ಗ್ರಿಲ್ ಮುಚ್ಚುತ್ತಾನೆ, ಹೊಟ್ಟೆಗೆ ಸಪಾಟಾದ ಪ್ಲಾಸ್ಟಿಕ್ ಹಾಳೆ ಬಿಗಿಯುತ್ತಾನೆ. ಗಾಳಿ ಎಲ್ಲೂ ತಡವರಿಸದೆ ಜಾರಿಹೋದರೆ ಪೆಟ್ರೋಲ್ ಉಳಿಯುತ್ತದೆ, ಸ್ಪೀಡು ಸಿಗುತ್ತದೆ. ವಿದ್ಯೆ ಸುಳ್ಳಲ್ಲ. ನೆಟ್ಟಗೆ ಮಾಡುವವರೂ ಇದ್ದಾರೆ.

ಇವನು ಅವರಲ್ಲಿ ಒಬ್ಬನಲ್ಲ.

ನನ್ನ ಹೆಸರು ಶೆಟ್ಟೆಪ್ಪ. ವಿಜಯಪುರದವನು, ಈಗ ಸಯನ್‌ನ ಚಾಳಿನಲ್ಲಿ ವಾಸ. ಇಪ್ಪತ್ತು ವರ್ಷ ಇನ್ಶೂರೆನ್ಸ್ ಕಂಪನಿಗಾಗಿ ಜಖಂ ಆದ ಗಾಡಿಗಳ ಅಡಿ ಮಲಗಿ ನೋಡಿದವನು. ಈಗ ಯಾರು ಕರೆದರೂ ಮಲಗುತ್ತೇನೆ. ಈ ಸಲ ಕರೆದವರು ಮಾಟುಂಗದಲ್ಲಿ ಹೋಟೆಲ್ ನಡೆಸುವ ಶೀಲಾವತಿ. ಅವರ ತಮ್ಮ ಶೇಖರ ಹನ್ನೆರಡು ದಿನದಿಂದ ಜೈಲಿನಲ್ಲಿದ್ದ. ಹೈವೇಯಲ್ಲಿ ಅವನ ಕಾರಿನ ಹೊಟ್ಟೆಯ ಹಾಳೆ ಕಿತ್ತು ಚಕ್ರಕ್ಕೆ ಸಿಕ್ಕಿತು. ಕಾರು ಗಿರ್ರನೆ ತಿರುಗಿತು. ಸ್ಕೂಟರಿನಲ್ಲಿದ್ದ ಸೋನಾಲಿ ಎಂಬ ನರ್ಸ್ ಸತ್ತಳು.

ಕೇಸಿನಲ್ಲಿ ಬರೆದದ್ದು... ಬೇಜವಾಬ್ದಾರಿ ಚಾಲನೆ.

ಆ ಹಾಳೆಗೆ ಬೋಲ್ಟ್ ಹಾಕಬೇಕಾದ ಕಡೆ ಸುಕೇಶ ವಯರು ಕಟ್ಟುವ ಪ್ಲಾಸ್ಟಿಕ್ ಟೈ ಹಾಕಿದ್ದ. ಅಪಘಾತದ ಮರುದಿನ, ಪೊಲೀಸರು ಕಾರು ಇಟ್ಟಿದ್ದ ಯಾರ್ಡಿಗೆ ಆಳು ಕಳಿಸಿ ಎಲ್ಲ ಕತ್ತರಿಸಿ ತೆಗೆಸಿದ್ದ. ಒಂದು ಉಳಿದಿತ್ತು. ಅದು ನನಗೆ ಸಿಕ್ಕಿತ್ತು. ನಾಳೆ ಜಾಮೀನಿನ ವಿಚಾರಣೆ. ಆ ಗೇಣುದ್ದದ ಟೈ ಕೋರ್ಟ್ ಮುಟ್ಟದಿದ್ದರೆ ಶೇಖರನ ಕತೆ ಮುಗಿದಂತೆ.

ಟೈ ಸಿಕ್ಕಿದೆ ಎಂದು ಹೇಳಿ ಸುಕೇಶನನ್ನು ಮಾತಾಡಿಸಲು ಗ್ಯಾರೇಜಿಗೆ ಹೋಗಿದ್ದೆ. "ಒಂದು ರೌಂಡ್ ಬನ್ನಿ, ಕಾರಲ್ಲೇ ಮಾತಾಡುವ" ಎಂದ. ಹತ್ತಿದೆ. ಇಪ್ಪತ್ತು ವರ್ಷದ ಅನುಭವ ಅಂದೆನಲ್ಲ, ಮಣ್ಣು.

"ಟೈ ಎಲ್ಲಿ ಉಂಟು, ಶೆಟ್ಟೆಪ್ಪಣ್ಣ?"

ನನ್ನ ಎಡಗಾಲಿನ ಸಾಕ್ಸಿನೊಳಗಿತ್ತು.

"ಮನ್ಯಾಗ ಐತಿ."

"ಮನೆಯಲ್ಲಿ ಎಲ್ಲಿ?"

"ಬಾಜೂ ಮನಿ ಹಾಲವ್ವನ ಕೈಯಾಗ ಕೊಟ್ಟೀನಿ. ನಾ ಹೋಗದ ಆಕಿ ಯಾರಿಗೂ ಕೊಡಂಗಿಲ್ಲ."

"ಸುಳ್ಳು ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಲ್ಲ? ಸಮುದ್ರ ದೂರ ಇಲ್ಲ."

"ಗೊತ್ತೈತಿ."

 ಅವನು ಫ್ರೀವೇ ಇಳಿದು, ಚೆಂಬೂರು ದಾಟಿ, ಸಯನ್ ಕಡೆ ತಿರುಗಿಸಿದ.

ಸಂಜೆ ಆರು ಗಂಟೆ. ಸಯನ್ ಸರ್ಕಲ್. ನೀವು ಮುಂಬಯಿಯವರಾದರೆ ಮುಂದಿನದನ್ನು ನಾನು ಹೇಳಬೇಕಿಲ್ಲ.

ಮುಂದೆ ಬಸ್ಸು, ಪಕ್ಕದಲ್ಲಿ ಟೆಂಪೋ, ಹಿಂದೆ ಹತ್ತಿಪ್ಪತ್ತು ರಿಕ್ಷಾ. ಕಾರು ಒಂದು ಗೇಣು ಸರಿಯುವುದು, ನಿಲ್ಲುವುದು. ನಾನು ಹಾಲವ್ವನ ಹೆಸರು ತೆಗೆದದ್ದೇ ಈ ಸರ್ಕಲ್ಲಿಗಾಗಿ. ಗ್ರಿಲ್ ಮುಚ್ಚುವವರು ನಿಧಾನಕ್ಕೆ ಓಡುವಾಗ ತೆರೆಯಲೆಂದು ಒಂದು ಮಡಚುವ ಬಾಗಿಲು ಬಿಡುತ್ತಾರೆ. ಸುಕೇಶ ಅದನ್ನೂ ಫೋಟೋದಲ್ಲಿ ಚೆಂದ ಕಾಣಲೆಂದು ಅಂಟಿಸಿಬಿಟ್ಟಿದ್ದ. ಹತ್ತುವಾಗಲೇ ನೋಡಿದ್ದೆ. ನುಗ್ಗಿ ಓಡುವಾಗ ಸಂದಿಗೊಂದಿಯ ಗಾಳಿಯಲ್ಲೇ ಇಂಜಿನ್ನು ಬದುಕುತ್ತದೆ. ನಿಂತಾಗ ಅದಕ್ಕೆ ಉಸಿರೇ ಇಲ್ಲ.

ಹತ್ತು ನಿಮಿಷ. ಬಿಸಿಯ ಮುಳ್ಳು ಮೇಲೇರಿತು.

ಹದಿನೈದು ನಿಮಿಷ. ಎಸಿ ಬಿಸಿ ಗಾಳಿ ಉಗುಳಿತು. ಸುಕೇಶ ಬಂದ್ ಮಾಡಿದ.

ಒಳಗೆ ಮೂವರು. ಒಂದು ಕಿಟಕಿಯೂ ತೆರೆಯದು. ಬೆವರು ಕಣ್ಣಿಗಿಳಿಯಿತು, ಎದೆ ಬಿಗಿಯಿತು. ನಾನು ತೋಡಿದ ಗುಂಡಿಯಲ್ಲಿ ನಾನೂ ಬಿದ್ದಿದ್ದೆನಲ್ಲ... ನಿಜ ಹೇಳುತ್ತೇನೆ, ಸಾಯುತ್ತೇನೆ ಅನ್ನಿಸಿತು.

"ಬಾಸ್, ದಮ್ ಘುಟ್ ರಹಾ ಹೈ." ಅಮೋಲ್ ಉಸಿರಿಗೆ ತಡಕಾಡುತ್ತಿದ್ದ.

"ಚುಪ್ ಬೈಠ್," ಎಂದು ಸುಕೇಶ ಗದರಿದ.

ಬಾನೆಟ್ಟಿನ ಅಂಚಿನಿಂದ ಬಿಳಿ ಹೊಗೆ ಎದ್ದಿತು. ಇಂಜಿನ್ನು ಕೆಮ್ಮಿ ನಿಂತಿತು. ಸುಕೇಶ ಬಾಯಿಗೆ ಬಂದಂತೆ ಬೈದು, ರಿಮೋಟ್ ಒತ್ತಿ, ತನ್ನ ಬಾಗಿಲಿಂದಿಳಿದು, ಮತ್ತೆ ಒತ್ತಿದ. ಠಕ್.

ಈಗ ಒಳಗೆ ಉಳಿದವರು ಇಬ್ಬರು.

"ಅಮೋಲ್ ಭಾಯ್," ಎಂದೆ. "ವೋ ತುಝೆ ಭೀ ಬಂದ್ ಕರ್ ಗಯಾ." ನಿನ್ನನ್ನೂ ಕೂಡಿಹಾಕಿ ಹೋದ ಅಂತ.

ಅವನು ನನ್ನನ್ನು ನೋಡಿದ. ಬಾಗಿಲು ನೋಡಿದ. ಹಿಡಿಕೆ ಇರಬೇಕಾದ ಕಡೆ ಕೈ ಆಡಿಸಿದ. ಮರುಕ್ಷಣ ಕತ್ತರಿ ಬಿಸುಟು ಎರಡೂ ಕೈಯಿಂದ ಗಾಜು ಬಡಿಯತೊಡಗಿದ. ನಾನು ಆಚೆ ಬಾಗಿ ಹಾರ್ನಿನ ಮೇಲೆ ಮೊಣಕೈ ಊರಿದೆ. ತೆಗೆಯಲೇ ಇಲ್ಲ.

ಮುಂಬಯಿಯಲ್ಲಿ ಜನ ಸೇರಲು ಇಷ್ಟೇ ಸಾಕು. ರಿಕ್ಷಾದವರು ಬಂದರು. ಅವರ ಹಿಂದೆ ಟ್ರಾಫಿಕ್ ಹವಾಲ್ದಾರ ಬಂದ.

"ಕಾಯ್ ಝಾಲಂ? ಆತ್ ಕೋಣ್ ಆಹೇ? ಉಘಡ್!"

ಒಳಗಿರುವುದು ಯಾರು, ತೆಗೆ ಅಂದರೆ ಇಷ್ಟು ಜನರೆದುರು ಸುಕೇಶ ಏನು ಮಾಡಿಯಾನು? ಒತ್ತಿದ. ಬಾಗಿಲು ತೆರೆಯಿತು. ನಾನು ರಸ್ತೆಗೆ ಉರುಳಿ ಬಿದ್ದೆ. ಸಯನ್‌ನ ಡೀಸೆಲ್ ಹೊಗೆ ಅಷ್ಟು ಸಿಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಗ ಕಾರಿನಡಿ ಪಟ್, ಪಟ್, ಪಟ್ ಎಂದಿತು. ಇದು ಮಾತ್ರ ನನ್ನ ಲೆಕ್ಕದಲ್ಲಿರಲಿಲ್ಲ. ಕುದಿಯುವ ಇಂಜಿನ್ನಿನ ಕಾವಿಗೆ ಮೆತ್ತಗಾದ ಟೈಗಳು ಒಂದೊಂದಾಗಿ ಬಿಟ್ಟುಕೊಂಡವು. ಹೊಟ್ಟೆಯ ಹಾಳೆ ಧಡಾರನೆ ರಸ್ತೆಗೆ ಬಿತ್ತು. ಗ್ಯಾರೇಜಿನ ಹೆಸರು ಅದರ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಜಿಪುಣ ತನ್ನ ಸ್ವಂತ ಕಾರಿಗೂ ಬೋಲ್ಟ್ ಹಾಕಿರಲಿಲ್ಲ.

ಹವಾಲ್ದಾರ ಜೋತುಬಿದ್ದ ಟೈ ಒಂದನ್ನು ಬೆರಳಿಂದ ಎತ್ತಿ ನೋಡಿದ. ನಾನು ಸಾಕ್ಸಿನಿಂದ ನನ್ನದನ್ನು ತೆಗೆದು ಪಕ್ಕದಲ್ಲಿ ಹಿಡಿದೆ. ಅದೇ ಬಣ್ಣ, ಅದೇ ಮಾರ್ಕು. ಸೋನಾಲಿ ಸತ್ತದ್ದು ಹೇಗೆಂದು ಹೇಳಿದೆ. ಅವನು ಮುಖ ಗಂಟಿಕ್ಕಿದ. ವಾಕಿಟಾಕಿ ತೆಗೆದು ಸ್ಟೇಷನ್ನಿನ ವ್ಯಾನ್ ಕರೆಸಿದ.

ಅಮೋಲ್ ಫುಟ್‌ಪಾತಿನ ಮೇಲೆ ಕೂತು, ಯಾರೂ ಕೇಳದೆಯೇ ಯಾರ್ಡಿನ ಕತೆಯನ್ನೆಲ್ಲ ಹೇಳತೊಡಗಿದ್ದ.

"ಮಾಟುಂಗದಲ್ಲಿ ನಿಮಗೆ ಇನ್ನು ಒಂದೂ ಕೆಲಸ ಸಿಗದ ಹಾಗೆ ಮಾಡ್ತೇನೆ," ಎಂದ ಸುಕೇಶ, ವ್ಯಾನ್ ಹತ್ತುತ್ತ.

"ಮಾಡಪಾ. ನಾ ಸಯನ್‌ನಾಗ ಇರ್ತೀನಿ."

ಫೋನ್ ತೆಗೆದು ಶೀಲಾವತಿಯವರಿಗೆ ಹಚ್ಚಿದೆ.

"ಎಂತ ಆಯ್ತು, ಶೆಟ್ಟೆಪ್ಪಣ್ಣ? ತಮ್ಮ ಹೊರಗೆ ಬರ್ತಾನಾ?"

"ಬರ್ತಾನ್ರಿ ಅಕ್ಕಾರ. ಅವನ ಜಾಗಾಕ್ಕ ಒಬ್ಬಾಂವ ಈಗಷ್ಟ ಹೊಂಟ."