ವಾರಕ್ಕೊಮ್ಮೆ ಬರುತ್ತಿದ್ದ ಮಾತ್ರೆ

"ಏಯ್... ನಿಲ್ಲು! ಮುಂದೆ ದಾರಿ ಇಲ್ಲ!"

ಕೆನೆವೆಗೆ ಕೇಳಿಸಿತು. ಆದರೂ ಕೇಳಿಸದವಳಂತೆ ಕುದುರೆಯ ಪಕ್ಕೆಗೆ ಹಿಮ್ಮಡಿ ಒತ್ತಿದಳು. ಆಫ್ರಿಕಾದ ದಕ್ಷಿಣದಲ್ಲಿ ಜೂನ್ ಎಂದರೆ ಚಳಿಗಾಲ. ಅದರ ಮೊದಲ ಹಿಮ ಲೆಸೋತೊದ ಆ ಬೆಟ್ಟಗಳನ್ನೆಲ್ಲ ಮುಚ್ಚಿಹಾಕಿತ್ತು. ಸ್ವಲ್ಪ ದೂರ ಹೋದ ಕುದುರೆ ಮೊಣಕಾಲುದ್ದ ಹೂತು, ಮುಗ್ಗರಿಸಿ, ಇನ್ನು ನನ್ನಿಂದಾಗದು ಎಂಬಂತೆ ನಿಂತುಬಿಟ್ಟಿತು.

ಮೇಲಿನಿಂದ ಇಳಿದು ಬಂದ ಸವಾರ ತನ್ನ ಕುದುರೆಯನ್ನು ಅವಳಿಗೆ ಅಡ್ಡ ನಿಲ್ಲಿಸಿದ. ಕಂಬಳಿಯನ್ನು ಮೂಗಿನವರೆಗೂ ಹೊದ್ದಿದ್ದ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ, ಆ ಕಣ್ಣಲ್ಲಿ ಸಿಟ್ಟಿತ್ತು.

"ಕಿವಿ ಕೇಳ್ಸಲ್ವಾ ತಾಯಿ? ಮೇಲೆ ಎದೆಮಟ್ಟ ಹಿಮ ಇದೆ. ನಾನೇ ಕುದುರೇನ ಎಳ್ಕೊಂಡು ಇಳಿದು ಬಂದೆ. ಹಿಂದಕ್ಕೆ ತಿರುಗು!"

"ಇವತ್ತು ನಾನು ಆಸ್ಪತ್ರೆಗೆ ಹೋಗಬೇಕಾದ ದಿನ. ಪಕ್ಕಕ್ಕೆ ಸರಿ."

"ನಾಳಿದ್ದು ಹೋದ್ರೆ ಆಕಾಶ ಬೀಳುತ್ತಾ?"

"ಆಕಾಶ ಬೀಳಲ್ಲ... ನಾನು ಬೀಳ್ತೀನಿ!"

ಅಂದುಬಿಟ್ಟು ಕೆನೆವೆ ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ನನ್ನ ಬಾಯಿಗೆ ಬೀಗ ಹಾಕ! ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು, ಹೋಗಿ ಹೋಗಿ ದಾರಿಹೋಕನ ಮುಂದೆ!

ಸವಾರನ ಕಣ್ಣು ಲಗಾಮು ಹಿಡಿದಿದ್ದ ಅವಳ ಎಡಗೈ ಮೇಲೆ ಹೋಯಿತು. ಹಳೆಯ ಸುಟ್ಟ ಗಾಯದಿಂದ ಅಲ್ಲಿಯ ಚರ್ಮ ಸುಕ್ಕುಗಟ್ಟಿತ್ತು.

"ಫಿಟ್ಸಾ?" ಈಗ ಅವನ ದನಿ ತಗ್ಗಿತ್ತು.

"ಹೌದು. ಹೋಗು, ಊರಿಗೆಲ್ಲ ಡಂಗುರ ಸಾರು!"

"ಡಂಗುರ ಸಾರೋದು ನನ್ನ ಕೆಲಸ ಅಲ್ಲ. ನಾನು ಆಸ್ಪತ್ರೆ ಸವಾರ, ಮೊಹಾಪಿ. ಹಿಮ ಬಿದ್ದಾಗ ಊರೂರಿಗೆ ಔಷಧಿ ಮುಟ್ಟಿಸ್ತೀನಿ. ನಿನ್ನ ಚೀಟಿ ಕೊಡು. ಮಾತ್ರೆ ನಾನು ತರ್ತೀನಿ."

"ನನ್ನ ಮಾತ್ರೆ ನಾನೇ ತಂದ್ಕೋತೀನಿ."

"ತಂದ್ಕೋ... ಹೇಗೆ? ಹಾರ್ಕೊಂಡು ಹೋಗ್ತೀಯಾ?"

ಕೆನೆವೆ ಬೆಟ್ಟ ನೋಡಿದಳು, ಹೂತು ನಿಂತ ಕುದುರೆ ನೋಡಿದಳು, ಕೊನೆಗೆ ಈ ಜಂಬಗಾರನನ್ನು ನೋಡಿದಳು. ಮೂವರಲ್ಲಿ ಯಾರೂ ದಾರಿ ಬಿಡುವ ಹಾಗೆ ಕಾಣಲಿಲ್ಲ. ಕಣ್ಣಲ್ಲಿ ನೀರು ಬಂತು, ಆದರೆ ಅದು ಅಳುವಲ್ಲ, ಸಿಟ್ಟು.

ಹತ್ತು ವರ್ಷದ ಹಿಂದೆ, ಹನ್ನೆರಡು ವರ್ಷದವಳಿದ್ದಾಗ ಒಲೆಯ ಮುಂದೆಯೇ ಮೂರ್ಛೆ ಬಂದು ಬೆಂಕಿಗೆ ಬಿದ್ದವಳು ಅವಳು. ಮಾತ್ರೆ ಶುರುವಾದ ಮೇಲೆ, ಈಗ್ಗೆ ನಾಲ್ಕು ವರ್ಷದಿಂದ, ಒಮ್ಮೆಯೂ ಬಿದ್ದಿರಲಿಲ್ಲ. ಒಂದು ಹೊತ್ತೂ ತಪ್ಪಿಸಬಾರದು ಎಂದು ನರ್ಸಮ್ಮ ಹೇಳಿದ್ದನ್ನು ಅವಳು ಉಸಿರಾಟದಷ್ಟೇ ನಿಷ್ಠೆಯಿಂದ ಪಾಲಿಸಿದ್ದಳು.

ಆದರೆ ಇದು ಅವಳ ಅತ್ತೆ ಮಾತುಸೊಳನ್ನು ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂದೆಯ ಅಕ್ಕ ಮಾತುಸೊ ಮನೆಯಲ್ಲೇ ಜೋಳದ ಬೀರು ಹುದುಗಿಸಿ ಮಾರುತ್ತಿದ್ದಳು. ಮೂರ್ಛೆ ಎಂಜಲಿನಿಂದ ಹರಡುತ್ತದೆ ಎಂದು ನಂಬುವ ಜನ, ಮೂರ್ಛೆಯವಳು ಮೊಗೆದು ಕೊಟ್ಟ ಬೀರು ಕುಡಿದಾರೆಯೇ? ಅವಳನ್ನು ಮದುವೆಯಾಗುವುದಂತೂ ದೂರದ ಮಾತು!

"ಮಾತ್ರೆ ಬೇಕಾದ್ರೆ ಮನೆ ಮುಂದಿನ ಕೋಲಿಗೆ ಔಷಧಿ ಗುರುತಿನ ನೀಲಿ ಬಟ್ಟೆ ಏರ್ಸು," ಎಂದ ಮೊಹಾಪಿ. "ಮೇಲಿನ ದಾರೀಲಿ ಹೋಗೋವಾಗ ನೋಡಿ ಇಳಿದು ಬರ್ತೀನಿ."

"ನೀಲಿ ಏರ್ಸಿದ್ರೆ ಊರಿಗೆಲ್ಲ ಗೊತ್ತಾಗುತ್ತೆ."

"ಗೊತ್ತಾಗ್ಲಿ."

"ಹೇಳೋಕೆ ನಿಂಗೇನು! ನಮ್ಮನೇಲಿ ಬೀರಿನ ಬಾವುಟ ಹೇಗೂ ಹಾರ್ತಿರುತ್ತೆ. ಕುಡಿಯೋಕೆ ಬಂದವನ ಹಾಗೆ ಬಾ."

"ನಾನು ಕುಡಿಯಲ್ಲ."

"ಕುಡಿ ಅಂದೆನಾ? ಕುಡಿಯೋನ ಹಾಗೆ ಬಾ ಅಂದೆ!"

ಮೊಹಾಪಿ ಕಂಬಳಿ ಸರಿಸಿ ಮೊದಲ ಬಾರಿಗೆ ನಕ್ಕ. ಹಾಳಾದವನು, ನಕ್ಕರೆ ಎಷ್ಟು ಚೆನ್ನಾಗಿ ಕಾಣುತ್ತಾನೆ... ಎಂದುಕೊಂಡ ಕೆನೆವೆ ಮುಖ ತಿರುಗಿಸಿ ಚೀಟಿಯನ್ನು ಅವನತ್ತ ಚಾಚಿದಳು.

ಆ ಬೆಟ್ಟದಲ್ಲಿ ಮನೆ ಮುಂದೆ ಬಟ್ಟೆ ಏರಿತೆಂದರೆ ಒಳಗೆ ಏನೋ ಮಾರಾಟಕ್ಕಿದೆ ಎಂದು ಲೆಕ್ಕ. ಕೆಂಪಾದರೆ ಮಾಂಸ, ಹಸಿರಾದರೆ ಸೊಪ್ಪು, ಬಿಳಿಯಾದರೆ ಬೀರು. ಬಿಳಿ ಬಟ್ಟೆ ಹಿಮದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಮಾತುಸೊ ಚಳಿಗಾಲವಿಡೀ ಹಳದಿ ಕಟ್ಟುತ್ತಿದ್ದಳು. ಆ ಹಳದಿ ಬಾವುಟ ನೋಡಿಕೊಂಡು ಮೊಹಾಪಿ ಇಳಿದು ಬಂದ.

"ನರ್ಸಮ್ಮ ಈ ಚಳಿಗಾಲ ವಾರಕ್ಕೆ ಆಗೋವಷ್ಟೇ ಕೊಡ್ತಿದ್ದಾರೆ," ಎನ್ನುತ್ತ ಸಣ್ಣ ಪೊಟ್ಟಣವೊಂದನ್ನು ಅವಳ ಅಂಗೈಗೆ ಜಾರಿಸಿದ.

ಹಾಗೆ ಪ್ರತಿ ವಾರವೂ ಬಂದ. ಕುಡುಕರ ನಡುವೆ ಕೂತು, ಬೀರಿನ ಮಗ್ಗು ಹಿಡಿದು, ಯಾರೂ ನೋಡದಾಗ ಒಲೆಯ ಬೂದಿಗೆ ಸುರಿಯುತ್ತಿದ್ದ. ಅರ್ಧ ಬೂದಿಗೆ, ಅರ್ಧ ತನ್ನ ಪ್ಯಾಂಟಿಗೆ! ಕೆನೆವೆಗೆ ನಗು ತಡೆಯಲಾಗದೆ ಸೆರಗಿನಂತೆ ಕಂಬಳಿಯನ್ನೇ ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

"ಏನಪ್ಪಾ ಸವಾರ," ಮುದುಕ ರಾಂತ್ಸೊ ಕಾಲೆಳೆಯುತ್ತಿದ್ದ, "ಬೆಟ್ಟದ ಮೇಲೆ ಇಷ್ಟು ಮನೆ ಇವೆ, ನಿನ್ನ ಕುದುರೆ ಈ ಮನೆ ಮುಂದೇನೇ ಕುಂಟುತ್ತಲ್ಲ?"

"ಕುದುರೆಗೆ ವಯಸ್ಸಾಯ್ತು ತಾತ."

"ವಯಸ್ಸಾಗಿರೋದು ಕುದುರೆಗೆ, ವಯಸ್ಸಿಗೆ ಬಂದಿರೋದು ಸವಾರ!"

ಎಲ್ಲರೂ ನಗುತ್ತಿದ್ದರು. ಕೆನೆವೆ ಬೇಕೆಂದೇ ಪಾತ್ರೆಗಳನ್ನು ಸದ್ದು ಮಾಡುತ್ತಿದ್ದಳು. ಆದರೆ ಗುರುವಾರ ಬಂತೆಂದರೆ ಬೆಳಿಗ್ಗೆಯಿಂದಲೇ ಕಣ್ಣು ಗುಡ್ಡದ ನೆತ್ತಿಯ ಮೇಲೆ. ಮಾತ್ರೆಗಾಗಿ ಅಷ್ಟೇ, ಎಂದು ತನಗೆ ತಾನೇ ಗದರಿಕೊಳ್ಳುತ್ತಿದ್ದಳು. ಬರೀ ಮಾತ್ರೆಗಾಗಿ!

ಜುಲೈ ಕೊನೆಯ ಗುರುವಾರ ಅವನು ಬರಲಿಲ್ಲ.

ಗುಡ್ಡದ ಮೇಲೆ ಕುದುರೆ ಕಾಣಿಸಿತು ನಿಜ, ಆದರೆ ಅದರ ಮೇಲಿದ್ದವನು ಬೇರೆ ಯಾರೋ. ಹಳದಿ ಬಾವುಟದತ್ತ ನೋಡಿದ, ಲಗಾಮು ಕೂಡ ಎಳೆಯದೆ ಮುಂದಕ್ಕೆ ಹೋದ. ಬೀರಿನ ಮನೆಯಲ್ಲಿ ಔಷಧಿಯವನಿಗೇನು ಕೆಲಸ? ಕೆನೆವೆ ಕೂಗುತ್ತ ಓಡುವಷ್ಟರಲ್ಲಿ ಅವನು ಮರೆಯಾಗಿದ್ದ.

ಮರುದಿನ ಬೆಳಿಗ್ಗೆ ಕೊನೆಯ ಮಾತ್ರೆ ನುಂಗಿದಳು.

ಕೈಕೊಟ್ಟನಲ್ಲ! ಬೇಸರವಾಯಿತೇನೋ... ಮೂರ್ಛೆಯವಳ ಹಿಂದೆ ಎಷ್ಟು ದಿನ ಅಲೆಯುತ್ತಾನೆ? ಅವಳ ಎದೆ ಉರಿಯಿತು. ಮಾತ್ರೆ ಇಲ್ಲದ್ದಕ್ಕೋ, ಅವನು ಬಾರದ್ದಕ್ಕೋ, ಬಿಡಿಸಿ ನೋಡುವ ಧೈರ್ಯವಾಗಲಿಲ್ಲ.

ಶನಿವಾರ ಹೊತ್ತೇರುವಾಗಲೇ ರಾಂತ್ಸೊ ಬಂದು ಮಗ್ಗು ಚಾಚಿದ. "ಪಾಪ, ಆ ಹುಡುಗ ಮೊಹಾಪಿ. ಕುಡಿದು ಕುದುರೆ ಹತ್ತುತ್ತಾನೆ ಅಂತ ಯಾರೋ ಆಸ್ಪತ್ರೆಗೆ ದೂರು ಕೊಟ್ರಂತೆ. ಮೈಯೆಲ್ಲ ಬೀರಿನ ವಾಸನೆ ಅಂತೆ. ಸವಾರಿಯಿಂದ ತೆಗೆದು ಲಾಯದ ಲದ್ದಿ ಬಾಚೋಕೆ ಹಾಕಿದ್ದಾರೆ."

ಕೆನೆವೆಯ ಕೈಯಲ್ಲಿದ್ದ ಸೌಟು ನಿಂತಿತು.

"ಅವನೇನಂದ?"

"ಏನೂ ಅನ್ಲಿಲ್ಲವಂತೆ. ಆ ಮನೆಗೆ ಯಾಕೆ ಹೋಗ್ತಿದ್ದೆ ಅಂದ್ರೆ ತಲೆ ತಗ್ಗಿಸಿ ನಿಂತನಂತೆ."

ಕೆನೆವೆ ತಿರುಗಿ ಅತ್ತೆಯನ್ನು ನೋಡಿದಳು. ಮಾತುಸೊ ಕಣ್ಣು ತಪ್ಪಿಸಿದಳು.

"ನಿಂಗೆ ಗೊತ್ತಿತ್ತಾ ಅತ್ತೆ?"

"ಮೊನ್ನೆ ಕೇಳ್ದೆ ಕಣೇ... ನಾವು ಬಾಯಿ ಬಿಟ್ರೆ ನಿನ್ನ ಬಾಳು..."

"ನನ್ನ ಬಾಳು ಉಳಿಸೋಕೆ ಅವನ ಮಾನ ಹೋಗಬೇಕಾ?"

ಅವಳು ಒಳಗೆ ಹೋಗಿ ಹಬ್ಬಕ್ಕೆ ಕಟ್ಟುವ ತನ್ನ ನೀಲಿ ತಲೆಬಟ್ಟೆ ತಂದಳು. ಹೊರಗೆ ಕೋಲನ್ನು ಬಗ್ಗಿಸಿ ಹಳದಿಯನ್ನು ಕಿತ್ತೆಸೆದು ನೀಲಿ ಕಟ್ಟಿದಳು. ಬಿಸಿಲಿಗೆ ಕೂತು ಕುಡಿಯುತ್ತಿದ್ದವರೆಲ್ಲ ಮಗ್ಗು ಹಿಡಿದುಕೊಂಡೇ ಎದ್ದು ನಿಂತರು.

"ಎಲ್ಲರೂ ಕೇಳಿ! ನಂಗೆ ಮೂರ್ಛೆ ರೋಗ ಇದೆ. ಚಿಕ್ಕಂದಿನಿಂದ ಇದೆ. ಆ ಹುಡುಗ ಇಲ್ಲಿಗೆ ಬರ್ತಿದ್ದಿದ್ದು ನಂಗೆ ಮಾತ್ರೆ ಕೊಡೋಕೆ. ಒಂದು ತೊಟ್ಟು ಬೀರು ಕುಡಿದಿಲ್ಲ ಅವನು. ಇಷ್ಟು ದಿನ ನಾನು ಮೊಗೆದು ಕೊಟ್ಟಿದ್ದನ್ನೇ ನೀವೆಲ್ಲ ಕುಡಿದ್ರಿ. ಯಾರಿಗೆ ಮೂರ್ಛೆ ಬಂತು? ಕೈ ಎತ್ತಿ ನೋಡೋಣ!"

ಯಾರೂ ಕೈ ಎತ್ತಲಿಲ್ಲ. ಇಬ್ಬರು ಮಗ್ಗನ್ನು ಕೆಳಗಿಟ್ಟು, ಕಂಬಳಿ ಕೊಡವಿಕೊಂಡು ಹೊರಟೇಹೋದರು. ರಾಂತ್ಸೊ ತನ್ನ ಮಗ್ಗನ್ನು ಒಮ್ಮೆ ನೋಡಿದ, ಕೆನೆವೆಯನ್ನು ಒಮ್ಮೆ ನೋಡಿದ. ಆಮೇಲೆ ಗಟಗಟ ಕುಡಿದು ಮುಗಿಸಿದ.

"ಇನ್ನೊಂದು ಮಗ್ಗು ಹಾಕು ಮಗಳೇ."

"ನೀವೇ ಮೊಗೆದ್ಕೊಳ್ಳಿ ತಾತ. ನಾನು ಆಸ್ಪತ್ರೆಗೆ ಹೊರಟೆ!"

"ಮಾತ್ರೆ ಇಲ್ಲದೆ ಒಬ್ಬಳೇ ಕುದುರೆ ಹತ್ತುತ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?" ಮಾತುಸೊ ಗದರಿದಳು. ಆದರೆ ತಡೆಯಲಿಲ್ಲ. ತನ್ನ ಕಂಬಳಿಯಿಂದ ಸೊಸೆಯನ್ನು ಜೀನಿಗೆ ಬಿಗಿಯಾಗಿ ಕಟ್ಟಿ, ಲಗಾಮು ಹಿಡಿದು ತಾನೇ ಮುಂದೆ ನಡೆದಳು. "ನಡಿ. ಬೀಳೋದಿದ್ರೆ ನನ್ನ ಮೇಲೇ ಬೀಳು."

ಹಿಮ ಗಟ್ಟಿಯಾಗಿದ್ದರಿಂದ ಕುದುರೆಯ ಕಾಲು ಹೂತುಹೋಗುತ್ತಿರಲಿಲ್ಲ, ಜಾರುತ್ತಿತ್ತು. ದಾರಿಯಲ್ಲಿ ಕೆನೆವೆಯ ಎಡಗೈ ಬೆರಳುಗಳು ತಾವಾಗಿಯೇ ಅದುರತೊಡಗಿದವು. ಅವಳಿಗೆ ಗೊತ್ತಿತ್ತು, ಅದು ಬರುತ್ತಿದೆ. ಇನ್ನೊಂದು ಸ್ವಲ್ಪ... ಹೇಳುವಷ್ಟು ಹೇಳಿಬಿಡುತ್ತೇನೆ, ಆಮೇಲೆ ಬಾ!

ಆಸ್ಪತ್ರೆಯ ಅಂಗಳದಲ್ಲಿ ಜನರಿದ್ದರು. ನರ್ಸ್ ಸೆಬುವೆಂಗ್ ಬಾಗಿಲಲ್ಲಿದ್ದಳು. ಲಾಯದ ಮುಂದೆ ಸಲಿಕೆ ಹಿಡಿದು ಮೊಹಾಪಿ ನಿಂತಿದ್ದ.

ಅತ್ತೆ ಕಟ್ಟು ಬಿಚ್ಚಿದ ಕೂಡಲೇ ಕೆನೆವೆ ಇಳಿದು ಅಷ್ಟೂ ಜನರ ಮುಂದೆ ಹೇಳಿದಳು. "ನರ್ಸಮ್ಮಾ, ಇವನು ಕುಡುಕ ಅಲ್ಲ. ನನ್ನ ಕಾಯಿಲೆ ಮುಚ್ಚಿಡೋಕೆ ನಾನೇ ಇವನನ್ನ ಕುಡುಕರ ಮಧ್ಯೆ ಕೂರಿಸ್ದೆ. ತಪ್ಪು ನಂದು..."

ಮಾತು ಮುಗಿಯಿತು. ಬೆಳಕೆಲ್ಲ ಒಂದೇ ಕಡೆಗೆ ವಾಲಿತು.

ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚದ ಮೇಲಿದ್ದಳು, ತಲೆ ಅತ್ತೆಯ ತೊಡೆಯ ಮೇಲಿತ್ತು. ಕಚ್ಚಿಕೊಂಡ ನಾಲಿಗೆ ರಕ್ತದಿಂದ ಉಪ್ಪುಪ್ಪಾಗಿತ್ತು. ನಾಲ್ಕು ವರ್ಷ ಕಾಪಾಡಿಕೊಂಡದ್ದು ಹೋಯಿತು... ಅಷ್ಟು ಜನ ನೋಡಿದ್ದರು. ಆದರೂ ವಿಚಿತ್ರ! ನಾಚಿಕೆಗಾಗಿ ಮನಸ್ಸೆಲ್ಲ ತಡಕಾಡಿದಳು, ಸಿಗಲಿಲ್ಲ.

ನರ್ಸಮ್ಮ ಔಷಧಿ ಕೊಟ್ಟು ಹಣೆ ಒರೆಸಿದಳು. "ಆ ಬೀರಿನ ಮನೆ ನಿಮ್ಮದು ಅಂತ ನಂಗೆ ಗೊತ್ತಿರ್ಲಿಲ್ಲ. ಆದ್ರೆ ತಿಂಗಳ ಮಾತ್ರೆ ಪೂರ್ತಿ ಕಳಿಸಿದ್ದೆನಲ್ಲಮ್ಮ. ಇಷ್ಟು ಬೇಗ ಹೇಗೆ ಮುಗೀತು?"

"ತಿಂಗಳದ್ದಾ? ವಾರಕ್ಕೆ ಆಗೋವಷ್ಟೇ ಅಂತ..."

ಬಾಗಿಲ ಬಳಿ ಮೊಹಾಪಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ನಾನೇ ಸುಳ್ಳು ಹೇಳಿದ್ದು," ಎಂದ ಅವನು. "ನರ್ಸಮ್ಮ ತಿಂಗಳದ್ದೇ ಕೊಡ್ತಿದ್ರು. ಒಟ್ಟಿಗೆ ಕೊಟ್ರೆ ಮತ್ತೆ ಒಂದು ತಿಂಗಳು ನಿಮ್ಮನೆಗೆ ಬರೋಕೆ ನೆಪ ಇರಲ್ವಲ್ಲ... ಅದಕ್ಕೇ ವಾರ ವಾರ ತಂದೆ. ಉಳಿದಿದ್ದನ್ನ ಹೊಸ ಸವಾರಂಗೆ ಕೊಟ್ಟು ಹಳದಿ ಬಾವುಟದ ಮನೆ ಅಂತ ಹೇಳಿದ್ದೆ. ಬೀರಿನ ಮನೆಗೆ ನನ್ನ ಕಳಿಸಿ ನನ್ನ ಹೆಸರೂ ಕೆಡಿಸ್ತೀಯಾ ಅಂತ ಅವನು ಇಳೀಲೇ ಇಲ್ಲ. ಅದು ಇವತ್ತು ನೀನು ಬಿದ್ದ ಮೇಲೆ ಗೊತ್ತಾಯ್ತು."

ಮಾತುಸೊ ಎದ್ದು ಅವನ ಕೆನ್ನೆಗೆ ಒಂದು ಬಿಟ್ಟಳು. ಅವನು ಅಲುಗಲಿಲ್ಲ. ನರ್ಸಮ್ಮ ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.

"ಇಲ್ಲಿ ಬಾ," ಎಂದಳು ಕೆನೆವೆ.

ಬಂದ. ಮಂಚದ ಪಕ್ಕ ನೆಲದ ಮೇಲೆ ಕೂತ.

"ಬೆಂಕಿ ಪಕ್ಕ ಬಿದ್ದಿದ್ರೆ?"

"ಗೊತ್ತು."

"ಏನು ಗೊತ್ತು? ಏನೂ ಗೊತ್ತಿಲ್ಲ ನಿಂಗೆ! ಅತ್ತೆ ನನ್ನ ಬಚ್ಚಿಟ್ಲು, ನೀನು ನನ್ನ ಮಾತ್ರೆ ಬಚ್ಚಿಟ್ಟೆ. ಇಬ್ಬರೂ ಪ್ರೀತಿಯಿಂದಾನೇ ಮಾಡಿದ್ದು, ಬಿದ್ದೋಳು ಮಾತ್ರ ನಾನು! ನನ್ನ ನೋಡೋ ಆಸೆ ಇದ್ರೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೆದರಿಕೆ."

"ಎದೆಮಟ್ಟ ಹಿಮಕ್ಕೆ ಹೆದರದೋನಿಗೆ ಎಂಥದ್ದು?"

"ನೀನು ಬೇಡ ಅಂದ್ಬಿಟ್ರೆ ಅಂತ..." ಅವನು ಕೈಯಲ್ಲಿದ್ದ ಟೋಪಿಯನ್ನು ನೆಲಕ್ಕಿಟ್ಟ. "ಕೆನೆವೆ, ಕುಡುಕ ಅಂದಾಗ ನಂಗೆ ನೋವಾಗ್ಲಿಲ್ಲ. ನಿನ್ನ ಹೆಸರು ಬಾಯಿಗೆ ಬಂದ್ಬಿಡುತ್ತೇನೋ ಅಂತ ಭಯ ಆಯ್ತು, ಅಷ್ಟೇ. ನಂಗೆ ನೀನಂದ್ರೆ ಪ್ರಾಣ. ಆದ್ರೆ ಮಾಡಿದ್ದು ತಪ್ಪು. ಹೋಗು ಅಂದ್ರೆ ಹೋಗ್ತೀನಿ."

ಕೆನೆವೆ ಕಿಟಕಿಯಾಚೆ ನೋಡಿದಳು. ಸಿಟ್ಟು ಇಳಿದಿರಲಿಲ್ಲ. ಅದರ ಜೊತೆಗೇ, ಅದನ್ನು ಕೇಳದೆಯೇ, ಪ್ರೀತಿಯೂ ಬಂದು ಕೂತಿತ್ತು. ಇವನನ್ನು ಬಯ್ಯುವ ಹಕ್ಕು ಇನ್ನು ಮುಂದೆ ತನಗೊಬ್ಬಳಿಗೇ ಇರಬೇಕು ಎನಿಸಿತು.

"ಇಡೀ ಚಳಿಗಾಲದ ಮಾತ್ರೆ ಇವತ್ತೇ ನಾನು ತಗೊಂಡು ಹೋಗ್ತೀನಿ," ಎಂದಳು. "ನನ್ನ ಪೆಟ್ಟಿಗೇಲಿ, ನನ್ನ ಬೀಗದಲ್ಲಿ ಇರುತ್ತೆ."

"ಸರಿ."

"ಇನ್ಮೇಲೆ ನೀನು ಔಷಧಿ ನೆಪ ಹೇಳ್ಕೊಂಡು ನಮ್ಮ ಬಾಗಿಲಿಗೆ ಬರೋ ಹಾಗಿಲ್ಲ."

"...ಸರಿ." ಅವನು ತಲೆ ತಗ್ಗಿಸಿ ಎದ್ದ.

"ಎಲ್ಲಿಗೆ ಹೊರಟೆ? ಮಾತು ಮುಗಿದಿಲ್ಲ. ಗುರುವಾರ ಬಾ. ಬರಿಗೈಲಿ ಬಾ."

ಮೊಹಾಪಿ ಅಲ್ಲೇ ನಿಂತ. ಕಣ್ಣು ತುಂಬಿ ಬಂದಿತ್ತು.

"ಬರಿಗೈಲಿ ಬಂದ್ರೆ ನಿಮ್ಮತ್ತೆ ಅಟ್ಟಿಬಿಡ್ತಾಳೆ. ಹೆಣ್ಣು ಕೇಳೋಕೆ ಬಂದೋನೆ, ತೆರ ಕೊಡೋ ದನ ಎಲ್ಲೋ ಅಂತಾಳೆ!"

ಕೆನೆವೆ ಸುಟ್ಟ ಗಾಯದ ತನ್ನ ಎಡಗೈಯನ್ನು ಅವನತ್ತ ಚಾಚಿದಳು.

"ದನದ ಮಾತು ಆಮೇಲೆ ಆಡೋಣ. ಮೊದಲು ನೀನು ಬಾ."