ಅವರೆಬಳ್ಳಿಯ ಹಸುಗಳು

ಬಹಳ ಬಹಳ ಹಿಂದೆ, ಇರುವೆಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸುರಗಿಪುರ ಎಂಬ ರಾಜ್ಯವಿತ್ತು. ಅಲ್ಲಿ ಎಂಜವ್ವ ಎಂಬ ಗೊಲ್ಲತಿ ಇದ್ದಳು. ಅವಳ ನೂರು ಹಸುಗಳ ಹಾಲು ಕುಡಿದೇ ಅಲ್ಲಿನ ಮಕ್ಕಳು ಬೆಳೆಯುತ್ತಿದ್ದರು.

ಒಂದು ದಿನ ಕಾರಿಮಾಯ ಎಂಬ ಮಾಟಗಾರ ಬಂದು, "ನಿನ್ನ ಹಸುಗಳನ್ನೆಲ್ಲ ನನಗೆ ಕೊಡು" ಎಂದ.

"ಮಕ್ಕಳ ಬಾಯಿಗೆ ಮಣ್ಣು ಹಾಕಲೇನು? ಕೊಡುವುದಿಲ್ಲ" ಎಂದಳು ಎಂಜವ್ವ.

ಮಾಟಗಾರ ಬೂದಿ ಊದಿದ. ನೂರು ಹಸುಗಳೂ ಎಳ್ಳುಕಾಳಿಗಿಂತ ಸಣ್ಣ, ಗಿಡದ ಹಸಿರು ಹೇನುಗಳಾಗಿ ಪಕ್ಕದ ಅವರೆಬಳ್ಳಿಗೆ ಅಂಟಿಕೊಂಡವು. ಎಂಜವ್ವ ಇರುವೆಯಷ್ಟಾದಳು.

"ಮೂರು ದಿನ ಒಂದೂ ಸಾಯದಂತೆ ಕಾದರೆ ಮಾಟ ಬಿಡುತ್ತದೆ. ಒಂದು ಸತ್ತರೂ ನಿಮಗೆಲ್ಲ ಇದೇ ಗತಿ" ಎಂದು ನಕ್ಕು ಹೋದ.

ಸ್ವಲ್ಪ ಹೊತ್ತಿಗೆ ಕಪ್ಪಿರುವೆಗಳ ಸಾಲು ಬಳ್ಳಿ ಹತ್ತಿತು. ತಿಂದೇಬಿಡುತ್ತವೆ ಎಂದು ಎಂಜವ್ವ ಮುಳ್ಳು ಹಿಡಿದು ಅಡ್ಡ ನಿಂತಳು. ಮುದಿ ಇರುವೆಯೊಂದು ಅವಳನ್ನು ಬಳಸಿ ಹೋಗಿ, ತನ್ನ ಮೀಸೆಯಿಂದ ಹೇನಿನ ಬೆನ್ನನ್ನು ಮೆಲ್ಲಗೆ ಸವರಿತು. ಹೇನಿನ ಹಿಂಬದಿಯಲ್ಲಿ ಒಂದು ಹನಿ ಉಬ್ಬಿ, ಬಿಸಿಲು ತುಂಬಿಕೊಂಡು ಹೊಳೆಯಿತು. ಇರುವೆ ಅದನ್ನು ಕುಡಿಯಿತು. ಬುದ್ಧಿ ಬಂದಾಗಿನಿಂದ ಹಾಲು ಕರೆದವಳು ಎಂಜವ್ವ. ಇಷ್ಟು ನಯವಾಗಿ ಕರೆಯುವುದನ್ನು ಎಂದೂ ಕಂಡಿರಲಿಲ್ಲ. ಮುಳ್ಳು ಕೈಯಿಂದ ಜಾರಿತು.

"ಬಳ್ಳಿಯ ರಸ ಹೀರಿ ಇವು ಸಿಹಿ ಕೊಡುತ್ತವೆ ತಾಯಿ. ಸಿಹಿ ನಮಗೆ, ಕಾವಲು ಇವಕ್ಕೆ" ಎಂದಿತು ಮುದಿ ಇರುವೆ.

"ಅಯ್ಯೋ ಶಿವನೇ, ನೀವೂ ನಮ್ಮ ಗೊಲ್ಲರೇ!" ಎಂದಳು ಎಂಜವ್ವ.

ಮೊದಲ ದಿನ ಗುಡ್ಡದಂಥ ಕೆಂಪು ಚುಕ್ಕಿಹುಳು ಹೇನುಗಳನ್ನು ತಿನ್ನಲು ಬಂತು. ಇರುವೆಗಳು ಅದರ ಕಾಲು ಕಚ್ಚಿ ಕೆಳಕ್ಕೆ ಉರುಳಿಸಿದವು.

ಎರಡನೆಯ ದಿನ ಆಲಿಕಲ್ಲಿನ ಮಳೆ ಬಿತ್ತು. ಬೆಕ್ಕು ಮರಿಯನ್ನು ಒಯ್ಯುವಂತೆ ಇರುವೆಗಳು ಒಂದೊಂದೇ ಹೇನನ್ನು ಬಾಯಲ್ಲಿ ಕಚ್ಚಿ ಗೂಡಿಗೆ ಇಳಿಸಿದವು. ಅಲ್ಲಿ ಹಸಿಬೇರಿನ ಮೇಲೆ ಮೇಯಲು ಬಿಟ್ಟವು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಹಿಂದೆಯೇ ಇಳಿದ ಎಂಜವ್ವ ಆ ಕತ್ತಲ ಕೊಟ್ಟಿಗೆಯಲ್ಲಿ ಕೈಮುಗಿದು ನಿಂತಳು.

ಮೂರನೆಯ ದಿನ ಕಾರಿಮಾಯನೇ ಬಂದ. ಗೂಡನ್ನು ಸುಡಲು ಮಂತ್ರ ಶುರುಮಾಡಿದ. ಎಂಜವ್ವ ಹೊರಗೋಡಿ, "ಏಳ್ರಪ್ಪೋ, ನಮ್ಮ ದನ ಹೋಗ್ತಾವೆ!" ಎಂದು ಕೂಗಿದಳು. ನೆಲವೇ ಎದ್ದು ನಡೆದಂತೆ ಇರುವೆಗಳು ಅವನ ಮೈಯೇರಿ ನಾಲಿಗೆ ಕಚ್ಚಿದವು. ಮಂತ್ರ ತಪ್ಪಿತು. ತಪ್ಪಿದ ಮಂತ್ರ ತಿರುಗಿ ಅವನನ್ನೇ ಸುಟ್ಟಿತು.

ಹೊತ್ತು ಮುಳುಗುವಾಗ ಹೇನುಗಳು ಒಂದೊಂದಾಗಿ ಮೇಲೆ ಬಂದು ಮತ್ತೆ ಹಸುಗಳಾದವು. ನೂರಕ್ಕೆ ನೂರೂ ಇದ್ದವು. ಮೊದಲಿನಂತಾದ ಎಂಜವ್ವ ಮಂಡಿಯೂರಿ, "ನಿಮ್ಮ ಕೊಟ್ಟಿಗೆ ಬರಿದಾಯಿತಲ್ಲಪ್ಪ" ಎಂದಳು.

"ಬಳ್ಳಿ ಇದ್ದರೆ ದನ ತಾವಾಗಿ ಬರುತ್ತವೆ ತಾಯಿ" ಎಂದಿತು ಮುದಿ ಇರುವೆ.

ಎಂಜವ್ವ ಗೂಡಿನ ಸುತ್ತ ಅವರೆ ಬಿತ್ತಿದಳು. ಹಸಿರು ಹೇನುಗಳು ಬಂದವು. ಊರ ಮಕ್ಕಳು ಹಾಲುಂಡರು, ಇರುವೆಗಳು ಸಿಹಿಯುಂಡವು. ಸುರಗಿಪುರದಲ್ಲಿ ಯಾರೂ ಹಸಿದು ಮಲಗಲಿಲ್ಲ.